ಶರಣವ್ವ ಕೊಟ್ಟ ಬನ್ನಿ

ಮುಂಬೈಯ ಆಂಟಾಪ್ ಹಿಲ್‌ನ ಬಾಲವಾಡಿಗೆ ಶರಣವ್ವ ಟೀಚರಾಗಿ ಸೇರಿ ಹದಿನೆಂಟು ವರ್ಷವಾಯಿತು. ಎರಡು ವರ್ಷದ ಕೂಸು ಕಚ್ಚಿದರೂ, ಐದರ ಹುಡುಗ ಆಟಿಕೆ ಬಿಟ್ಟುಕೊಡದಿದ್ದರೂ, ಹನ್ನೆರಡರ ಹುಡುಗಿ ಬಾಗಿಲು ಹಾಕಿಕೊಂಡರೂ ತಾಯಂದಿರು ಓಡಿಬರುವುದು ಅವಳ ಬಳಿಗೇ. ತಿಂಗಳಿಗೊಂದು ಶನಿವಾರ ತಾಯಂದಿರ ಮೀಟಿಂಗ್. ಸಣ್ಣದು ಅತ್ತರೆ ಮೊದಲು ಎತ್ತಿಕೊಳ್ಳಿ, ಬುದ್ಧಿ ಆಮೇಲೆ ಹೇಳಿ. ದೊಡ್ಡದು ಮುನಿಸಿಕೊಂಡರೆ ಪಕ್ಕದಲ್ಲಿ ಕೂತು ಸುಮ್ಮನಿರಿ. ತಪ್ಪು ನಿಮ್ಮದಾದರೆ ನೀವೇ ಮೊದಲು ಒಪ್ಪಿಕೊಳ್ಳಿ ಎನ್ನುವಳು.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗಾಯಿತು. ದಸರೆಗೆ ಮುಂಚಿನ ಮೀಟಿಂಗಿನಲ್ಲಿ ಒಬ್ಬ ತಾಯಿ, ಮಗನಿಗೆ ಆರು ತುಂಬಿದರೂ ಹಾಸಿಗೆ ಒದ್ದೆ ಮಾಡುತ್ತಾನೆಂದು ಅತ್ತಳು. ಅವಳನ್ನು ಸಮಾಧಾನಪಡಿಸುವ ಭರದಲ್ಲಿ ಶರಣವ್ವ, ತನ್ನ ಮಗಳು ವಿಜೇತಾ ಎಂಟರವರೆಗೂ ಹಾಗೇ ಮಾಡುತ್ತಿದ್ದಳು ಎಂದುಬಿಟ್ಟಳು. ಮಾತು ಸಂಜೆಯೊಳಗೆ ಅವರು ವಾಸವಿದ್ದ ಚಾಳನ್ನೆಲ್ಲ ಸುತ್ತಿತು. ಈಗ ಹದಿಮೂರರ ವಿಜೇತಾಳನ್ನು ನೋಡಿ ಶಾಲೆಯ ಹುಡುಗಿಯರು ನಕ್ಕರು. ಅಂದಿನಿಂದ ಎಂಟು ದಿನ ಅವಳು ತಾಯಿಯೊಡನೆ ಮಾತಾಡಲಿಲ್ಲ. ಮಂದಿಯ ಮಕ್ಕಳನ್ನೆಲ್ಲ ಮಾತಾಡಿಸುವ ಶರಣವ್ವನಿಗೆ ನಿಜವಾಗಿ ಹೆದರಿಕೆಯಾಯಿತು. ಇನ್ನು ಈ ಹುಡುಗಿ ತನಗೆ ಏನನ್ನೂ ಹೇಳದೇ ಹೋದರೆ?

ಆದರೂ ಅವಳು ದಸರೆಯನ್ನು ನಂಬಿದ್ದಳು. ಅವಳ ವಿಜಯಪುರದ ಕಡೆ ಆ ಸಂಜೆ ಕಿರಿಯರು ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುತ್ತಾರೆ. ವರ್ಷದ ಮುನಿಸೆಲ್ಲ ಅಲ್ಲಿಗೆ ಮುಗಿಯುತ್ತದೆ. ಹುಡುಗಿ ಬಂದೇ ಬರುತ್ತಾಳೆಂದು ಹೊಸ ಸೀರೆ ಉಟ್ಟು ಕೂತಳು. ವಿಜೇತಾ ನೆರೆಮನೆಗಳಿಗೆಲ್ಲ ಬನ್ನಿ ಕೊಟ್ಟು ಬಂದು, ತಾಯಿಯನ್ನು ದಾಟಿಕೊಂಡು ಒಳಗೆ ಹೋದಳು.

ಶರಣವ್ವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ತಪ್ಪು ಮಾಡಿದವಳು ತಾನು, ಕಾಯುತ್ತಿರುವವಳೂ ತಾನು! ಪೂಜೆಯ ತಟ್ಟೆಯಿಂದ ಬನ್ನಿ ಎಲೆ ತೆಗೆದುಕೊಂಡು ಎದ್ದು ಮಗಳ ಬಳಿಗೆ ಹೋದಳು.

"ನಿನ್ನ ಮಾತು ನಾ ಮಂದಿ ಮುಂದ ಹೇಳಬಾರದಿತ್ತು. ತಪ್ಪು ನಂದು. ಬನ್ನಿ ತಗೊ, ಬಂಗಾರದಂಗ ಇರೋಣು."

ವಿಜೇತಾ ಎಲೆ ತೆಗೆದುಕೊಂಡಳು, ಮಾತಾಡಲಿಲ್ಲ. ಶರಣವ್ವ ಪಕ್ಕದಲ್ಲಿ ಕೂತು ತಾನೂ ಸುಮ್ಮನಾದಳು. ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟವೆಂದು ಆ ದಿನ ಗೊತ್ತಾಯಿತು.

"ಮಮ್ಮಿ," ಎಂದಳು ಹುಡುಗಿ ಕೊನೆಗೆ, "ಇದನ್ನೂ ಮೀಟಿಂಗ್‌ನಾಗ ಹೇಳ್ತಿ ಕ್ಯಾ?"

"ನಿನ್ನ ಕೇಳದ ಏನೂ ಹೇಳಂಗಿಲ್ಲ."

ಮುಂದಿನ ಮೀಟಿಂಗಿನಲ್ಲಿ ಯಾರೋ, ಮುನಿಸಿಕೊಂಡ ಮಕ್ಕಳನ್ನು ಮಾತಾಡಿಸುವುದು ಹೇಗೆಂದು ಕೇಳಿದರು. ಬನ್ನಿ ಕೊಟ್ಟ ಮಾತು ಶರಣವ್ವನ ನಾಲಿಗೆಯ ತುದಿಗೆ ಬಂದೇಬಿಟ್ಟಿತು. ನುಂಗಿಕೊಂಡಳು. ಮನೆಗೆ ಬಂದು, ಹೇಳಲೇ ಎಂದು ಮಗಳನ್ನು ಕೇಳಿದರೆ, ಬೇಡ ಎಂದಳು. ಆ ಬನ್ನಿಯ ಸುದ್ದಿ ಚಾಳಿನಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮಗಳು ದಿನಾ ಬಂದು ಹೇಳುವ ಶಾಲೆಯ ಸುದ್ದಿಯೆಲ್ಲ ಮಾತ್ರ ಶರಣವ್ವನಿಗೆ ಗೊತ್ತು.