ಎಡೆ ದಿನ ಬಲೆ ಬಿಚ್ಚಿದವಳು

ಪೂರಿಗಾಲಿಯ ಆಚೆ, ಕೆರೆ ಹಿಂದಿನ ಜಾಲಿ ಪೊದೆಗಳ ನಡುವೆ ಹಕ್ಕಿ ಅಧ್ಯಯನ ಕೇಂದ್ರ ಶುರುವಾದಾಗ ಗಗನಳನ್ನು ಕಸ ಗುಡಿಸಲು, ಬಂದವರಿಗೆ ಅಡುಗೆ ಮಾಡಲು ಕರೆದಿದ್ದರು. ಮನೆಯಲ್ಲಿ ಮಾಡುವುದನ್ನೇ ಅಲ್ಲೂ ಮಾಡು ಎಂದಂತೆ. ಮರುವರ್ಷ, ಕೇಂದ್ರ ನಡೆಸುತ್ತಿದ್ದ ಆಶ್ರಿತಾ, "ಬಲೆ ಕೆಲಸ ಕಲೀತೀರಾ?" ಎಂದಾಗ, ಪಾತ್ರೆ ಉಜ್ಜುತ್ತಿದ್ದವಳು ಕೈ ಕೂಡ ತೊಳೆಯದೆ ಎದ್ದು ಬಂದಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರದಿಂದ ಉಲಿಯಕ್ಕಿ ಎಂಬ ಪುಟ್ಟ ವಲಸೆ ಹಕ್ಕಿಗಳು ಇಳಿಯುತ್ತವೆ. ಪೊದೆಗಳ ನಡುವೆ ಕಟ್ಟಿದ, ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಗೆ ಸಿಕ್ಕಿಕೊಳ್ಳುತ್ತವೆ. ಮೊದಲು ಕಾಲು ಬಿಡಿಸಬೇಕು, ಆಮೇಲೆ ರೆಕ್ಕೆ, ಕಡೆಗೆ ತಲೆ. ಬಟ್ಟೆ ಚೀಲದಲ್ಲಿ ತಂದು, ಕಾಲಿಗೆ ನಂಬರಿನ ಉಂಗುರ ತೊಡಿಸಿ, ರೆಕ್ಕೆ ಅಳೆದು, ತೂಗಿ ಹಾರಿಬಿಡಬೇಕು. ಇನ್ನೆಲ್ಲೋ ಯಾರ ಕೈಗಾದರೂ ಸಿಕ್ಕರೆ, ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಆ ನಂಬರು ಹೇಳುತ್ತದೆ. ಊರಿನವರಿಗೆ ಗಗನ ಈಗ "ಗುಬ್ಬಿಗೆ ಕಾಲುಂಗುರ ತೊಡಸೋಳು".

ಹಕ್ಕಿ ನೋಡಿದರೆ ಸ್ವಾತಂತ್ರ್ಯ ನೆನಪಾಗುತ್ತದೆ ಎಂದು ಮೈಸೂರಿನಿಂದ ಬಂದ ಹುಡುಗಿಯರು ಹೇಳುತ್ತಾರೆ. ಗಗನಳಿಗೆ ಅಂಥದ್ದೇನೂ ನೆನಪಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಸುತ್ತು ಹೋಗದಿದ್ದರೆ ಬಲೆಯಲ್ಲಿದ್ದದ್ದು ಸತ್ತೇ ಹೋಗುತ್ತದೆ. ಒಲೆ ಮೇಲೆ ಹಾಲಿಟ್ಟ ಹಾಗೆ, ಕಣ್ಣು ಕೀಳುವಂತಿಲ್ಲ.

ಈ ವರ್ಷ ಆಶ್ರಿತಾ ಬೇರೆ ಕೆಲಸಕ್ಕೆ ಹೊರಟಿದ್ದಳು. ಮಾರ್ಚ್‌ವರೆಗಿನ ಬಲೆ ಕೆಲಸವನ್ನೆಲ್ಲ ಗಗನಳಿಗೇ ವಹಿಸಬಹುದು, ಆದರೆ ಒಂದು ಷರತ್ತು. ಬಲೆ ಬಿಚ್ಚಿ ಹರಡುವುದರಿಂದ ಮತ್ತೆ ಸುತ್ತಿಡುವವರೆಗೆ ಒಂದು ಇಡೀ ಬೆಳಿಗ್ಗೆ ಗಗನ ಒಬ್ಬಳೇ ಮಾಡಬೇಕು. ಆಶ್ರಿತಾ ನೋಡುತ್ತಾಳೆ, ಕೈ ಹಾಕುವುದಿಲ್ಲ. ವಾರವೆಲ್ಲ ಮಳೆ ಹಿಡಿಯಿತು. ಮಳೆಯಲ್ಲಿ ಬಲೆ ಬಿಚ್ಚಿದರೆ ಹಕ್ಕಿ ನೆಂದು ಸಾಯುತ್ತದೆ. ಕೊನೆಗೆ ಉಳಿದದ್ದು ಆಶ್ರಿತಾ ಹೊರಡುವ ಹಿಂದಿನ ಒಂದೇ ದಿನ. ಅದು ಮಹಾಲಯ ಅಮಾವಾಸ್ಯೆ. ಮನೆಯ ಹಿರಿಯರಿಗೆ ಎಡೆ ಇಡುವ ದಿನ.

ಎಡೆಯ ಸಾರಿಗೆ ಖಾರವನ್ನು ಅವತ್ತೇ, ತಲೆಗೆ ನೀರು ಹುಯ್ದುಕೊಂಡು, ಒಳಕಲ್ಲಿನಲ್ಲೇ ರುಬ್ಬಬೇಕು. ಮಿಕ್ಸಿ ಆಗದು. ಇದು ಅತ್ತೆ ಬೆಟ್ಟಮ್ಮನ ಮನೆಯ ಕಟ್ಟಳೆ. ಗಗನ ಹಿಂದಿನ ಸಂಜೆಯೇ ತಲೆ ನೆನೆಸಿಕೊಂಡು ರುಬ್ಬಿದಳು. ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಬಚ್ಚಿಟ್ಟಳು. ಒದ್ದೆ ತಲೆಯ ಕಟ್ಟಳೆ ಮುರಿದಿಲ್ಲ, ಒಳಕಲ್ಲಿನದೂ ಮುರಿದಿಲ್ಲ ಎಂದು ಸಮಾಧಾನ ಮಾಡಿಕೊಂಡಳು. ರಾತ್ರಿ ಕಳೆದರೆ ಅದು ತಂಗಳು ಎಂಬುದು ಹೊಳೆಯಲಿಲ್ಲ, ಅಥವಾ ಹೊಳೆದರೂ ಒಪ್ಪಲಿಲ್ಲ. ಗಂಡ ಶಿವರಾಜು, "ಉಳಿದುದ್ದ ನಾನ್ ನೋಡ್ಕತೀನಿ, ಓಗು" ಎಂದಿದ್ದ. ಅವನ ನೋಡಿಕೊಳ್ಳುವುದೆಂದರೆ ಕೋಳಿ ತಂದು ಕಟ್ಟೆ ಮೇಲಿಡುವುದು.

ಮಳೆ ನಿಂತ ಬೆಳಿಗ್ಗೆಯಾದ್ದರಿಂದ ಬಲೆ ತುಂಬ ಹಕ್ಕಿ. ಕೀಚುಗ ಹಕ್ಕಿಯೊಂದು ಕೊಕ್ಕಿನಿಂದ ಬೆರಳು ಕಚ್ಚಿ ರಕ್ತ ಬರಿಸಿತು. ಗಗನ ಬೆರಳನ್ನು ಸೀರೆಗೆ ಒರೆಸಿ ಮುಂದಿನ ಬಲೆಗೆ ನಡೆದಳು. ಚೀಲಗಳನ್ನೆಲ್ಲ ಕೊಂಬೆಗೆ ತೂಗುಹಾಕಿ ಮೊದಲ ಹಕ್ಕಿಗೆ ಉಂಗುರ ಹಾಕುತ್ತಿದ್ದಾಗ ಕೆರೆ ಏರಿಯ ಮೇಲೆ ಬೈಕು ಬಂತು. ಶಿವರಾಜು.

"ಬೈಕ್ ಅತ್ತು ಬೇಗ. ಅವ್ವ ನಿನ್ ಡಬ್ಬೀನ ಮುಸುರೆಗೆ ಸುರ್ದುಬುಟ್ಳು. ತಂಗಳ ಕಾರ ಉಣ್ಣಾಕೆ ನಿಮ್ಮಪ್ಪ ಏನು ತಿರುಪೆಗೆ ಬತ್ತನಾ ಅಂತ ನನ್ ಮೇಲೆ ಕೂಗಾಡ್ತಾವ್ಳೆ. ನೆಂಟ್ರು ಆಗ್ಲೇ ಮಳವಳ್ಳಿ ಬುಟ್ಟವ್ರಂತೆ."

"ನೀವೇ ರುಬ್ಬಿ."

"ಏನಂದೆ?"

"ಒಳಕಲ್ಲು ಹಿತ್ಲಲ್ಲೇ ಅದೆ. ತಲೆಗೆ ನೀರುಯ್ಕಂಡು ಕೂತ್ಕಳಿ."

"ತಲೆ ಕೆಟ್ಟದಾ ನಿಂಗೆ? ಗಂಡುಸ್ರು ಎಡೆ ಕಾರ ರುಬ್ಬಾಕಾಯ್ತದಾ?"

"ಎಡೆ ಯಾರಿಗೆ?"

"ನಮ್ಮಪ್ಪುಂಗೆ."

"ನಾನು ಅವ್ರ ಮೊಕಾನೂ ಕಂಡಿಲ್ಲ. ಮದ್ವೆಯಾಗ್ ಬಂದಾಗಿಂದ ವರ್ಸ ವರ್ಸ ರುಬ್ತಾನೇ ಇವ್ನಿ. ಅವ್ರಿಗೆ ಕಾರ ಏಟು ಬೇಕು ಅಂತ ನಿಮಗೆ ತಾನೇ ಗೊತ್ತಿರಾದು?"

ಶಿವರಾಜು ಆಶ್ರಿತಾಳ ಕಡೆ ತಿರುಗಿದ. "ಮೇಡಮ್ಮೋರೆ, ನೀವಾದ್ರೂ ಒಂದ್ ಮಾತು ಅನ್ನಿ."

"ಬಲೆ ಸುತ್ತಿಟ್ಟು ಹೋಗೋದಾದ್ರೆ ನಾನು ತಡೆಯಲ್ಲ," ಎಂದಳು ಆಶ್ರಿತಾ. "ಆದ್ರೆ ಇವತ್ತಿಂದು ಲೆಕ್ಕಕ್ಕೆ ಬರಲ್ಲ ಗಗನ. ಇನ್ನು ಮುಂದಿನ ವರ್ಷಾನೇ."

ಗಗನಳ ಒಂದು ಕಾಲು ಆಗಲೇ ಬೈಕಿನ ಕಡೆ ತಿರುಗಿತ್ತು. ಕೋಳಿ ತೊಳೆದಿದ್ದಾರೋ ಇಲ್ಲವೋ, ಅಕ್ಕಿ ನೆನೆಹಾಕಿದ್ದಾರೋ ಇಲ್ಲವೋ. ಮುಷ್ಟಿಯೊಳಗೆ ಉಲಿಯಕ್ಕಿಯ ಎದೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದನ್ನು ಹಾರಿಬಿಟ್ಟಳು. ಕೊಂಬೆಯಲ್ಲಿ ಉಳಿದ ಚೀಲಗಳು ಅಲುಗಾಡುತ್ತಿದ್ದವು. ಕೈ ತಾನಾಗಿ ಮುಂದಿನ ಚೀಲಕ್ಕೆ ಹೋಯಿತು.

"ಅಂಗಾರೆ ಗುಬ್ಬಿ ಜತೇಲೇ ಸಂಸಾರ ಮಾಡ್ಕಂಡಿರು!" ಶಿವರಾಜು ಬೈಕು ಒದ್ದು ಹೊರಟ.

ಆಮೇಲಿನ ಹೊತ್ತೆಲ್ಲ ಏರಿ ಮೇಲೆ ಯಾವ ಗಾಡಿ ಸದ್ದಾದರೂ ಅವಳ ಕತ್ತು ತಿರುಗುತ್ತಿತ್ತು. ಬೆರಳು ಮಾತ್ರ ತಪ್ಪಲಿಲ್ಲ. ಕೊನೆಯ ಬಲೆ ಸುತ್ತಿ ಕಟ್ಟಿದಾಗ ಆಶ್ರಿತಾ ಉಂಗುರ ಒತ್ತುವ ಇಕ್ಕಳವನ್ನು ಅವಳ ಅಂಗೈಯಲ್ಲಿಟ್ಟು, "ಇನ್ನಿದು ನಿಮ್ಮ ಹತ್ರಾನೇ ಇರಲಿ" ಎಂದಳು. ಖುಷಿಪಡಲೂ ಪುರಸೊತ್ತಿಲ್ಲದೆ ಗಗನ ಮನೆಗೆ ಓಡಿದಳು.

ಎಡೆ ಇಟ್ಟಾಗಿತ್ತು. ಮಾವನ ಫೋಟೋದ ಮುಂದೆ ಬಾಳೆಲೆ, ಹೊಸ ಪಂಚೆ, ಬೀಡಿ ಕಟ್ಟು. ಗಂಡಸರು ಉಂಡು ಎಲೆಯಡಿಕೆ ಹಾಕುತ್ತಿದ್ದರು. ಸಾರಿನ ವಾಸನೆ ಕೇಳಿ ಗಗನಳಿಗೆ ಆಶ್ಚರ್ಯವೇ ಆಯಿತು. ಪರವಾಗಿಲ್ಲ, ಗಂಡ ರುಬ್ಬಿದ್ದಾನೆ.

ಆಗ ಬೆಟ್ಟಮ್ಮ ಕಂಡಳು. ಕಂಬಕ್ಕೆ ಒರಗಿ, ಬಹಳ ದಿನದಿಂದ ನೋಯುವ ಬಲಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಉಗುರಿನ ಸಂದಿಯಲ್ಲೆಲ್ಲ ಖಾರ ಒಣಗಿತ್ತು. ಗಗನ ಬಿಟ್ಟುಬಂದ ಕೆಲಸ ಗಂಡನ ಕೈಗೆ ಹೋಗಿರಲಿಲ್ಲ. ಅವನ ಪಕ್ಕದಿಂದಲೇ ಹಾದು ಇನ್ನೊಬ್ಬ ಹೆಂಗಸಿನ ಭುಜದ ಮೇಲೆ ಬಿದ್ದಿತ್ತು.

"ಬಂದ್ಯಾ ತಾಯಿ? ನಿನ್ ಗುಬ್ಬಿಗಳೆಲ್ಲ ಉಂಡ್ವಾ?" ಎಂದಳು ಬೆಟ್ಟಮ್ಮ.

"ಅತ್ತೆ, ನಾನು ಇವ್ರಿಗೆ ರುಬ್ಬಿ ಅಂತ ಯೋಳಿದ್ದೆ."

ಮಾವನ ತಮ್ಮ ಲಿಂಗಯ್ಯ ಗಹಗಹಿಸಿದ. "ಸಿವ್‌ರಾಜು ರುಬ್ಬಾದಾ? ನಮ್ಮಣ್ಣ ಎಡೆ ಬುಟ್ಟು ಎದ್ದೋಯ್ತಿದ್ದ ಕಣಮ್ಮಿ!" ಎಲ್ಲರೂ ನಕ್ಕರು.

ನಗು ಮುಗಿಯಲೆಂದು ಗಗನ ಕಾದಳು. "ಬಲೆ ಕೆಲ್ಸ ನಂಗೇ ಕೊಟ್ಟವ್ರೆ. ನಾಳೆಯಿಂದ ಮಾರ್ಚಿ ತಂಕ ಬೆಳಿಗ್ಗೆ ಹೊತ್ತು ನಾನು ಮನೇಲಿರಾಕಿಲ್ಲ."

ಶಿವರಾಜು ಎಲೆಗೆ ಸುಣ್ಣ ಸವರುತ್ತ, "ಓಗ್ಲಿ ಬುಡು," ಎಂದ ಉದಾರವಾಗಿ. "ಮನೇಲಿ ಅವ್ವ ಅವ್ಳಲ್ಲಾ."

ಬೆಟ್ಟಮ್ಮ ಮಗನನ್ನು ಒಂದು ಗಳಿಗೆ ನೋಡಿದಳು. ಭುಜದಿಂದ ಕೈ ತೆಗೆದಳು.

"ಸಂಜೀಕೆ ಮದ್ದೂರೋರು ಬತ್ತಾರೆ. ಕಾರ ಸಾಲಾಕಿಲ್ಲ. ಎದ್ದೇಳ್ಲಾ."

"ಯಾಕವ್ವ?"

"ತಲೆಗೆ ನೀರುಯ್ಕಂಡು ಒಳಕಲ್ಲತ್ರ ಕೂತ್ಕ ಓಗು. ನಿಮ್ಮಪ್ಪ ಎದ್ದೋದ್ರೆ ನಾನು ಕರ್ಕಬತ್ತೀನಿ."

ಈ ಸಲ ಲಿಂಗಯ್ಯ ನಗಲಿಲ್ಲ. ಶಿವರಾಜು ಎಲ್ಲರ ಮುಖ ನೋಡಿ, ಯಾರೂ ತನ್ನ ಪರ ಬಾರದಿದ್ದಾಗ ಎದ್ದು ಹೋದ.

ಹಿತ್ತಲಿನಿಂದ ರುಬ್ಬುಗುಂಡು ಕಲ್ಲಿಗೆ ತಾಗುವ ಸದ್ದು ಬಂತು. ತಾಳವಿಲ್ಲದ ಸದ್ದು. ಗಗನ ಬಾಗಿಲಿಗೆ ಹೋಗಿ ನಿಂತಳು. ನೀರು ಜಾಸ್ತಿ ಹಾಕಿದ್ದಾನೆ. ಕಾಯಿ ಚೂರುಗಳು ಆಚೆ ಚಿಮ್ಮುತ್ತಿವೆ. ಒದ್ದೆ ತಲೆಯ ನೀರು ಖಾರದೊಳಕ್ಕೇ ತೊಟ್ಟಿಕ್ಕುತ್ತಿದೆ. ಅವಳ ಬೆರಳುಗಳು ಚಡಪಡಿಸಿದವು. ಹೋಗಿ ಗುಂಡು ಕಿತ್ತುಕೊಂಡರೆ ಒಂದು ಗಳಿಗೆಯ ಕೆಲಸ. ಕಿತ್ತುಕೊಂಡರೆ ನಾಳೆ ಬೆಳಿಗ್ಗೆ ಏರಿಯ ಮೇಲೆ ಮತ್ತೆ ಬೈಕು.

ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ನಿಂತೇ ಇದ್ದಳು.