ಟವೆಲ್ ಹಾಕದೆ ಬುಕ್ ಮಾಡಿದ ಸೀಟು

ನಾನು ಇಂಗ್ಲಿಷ್ ಮೇಷ್ಟ್ರು; ಪದಗಳ ಬೇರು ಕೆದಕುವುದು ನನ್ನ ಹಳೇ ಚಟ. ಮೊನ್ನೆ ಹೊನ್ನಾಳಿ ಸ್ಟ್ಯಾಂಡಿನಲ್ಲಿ ಬಸ್ಸಿನ ಸೀಟಿನ ಮೇಲೆ ನಿಘಂಟು ಇಟ್ಟು ಟೀ ಕುಡಿಯಲು ಇಳಿದೆ. ಬರುವಷ್ಟರಲ್ಲಿ ಒಬ್ಬ ಅಜ್ಜಿ ಅದನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದರು.

“ಅಜ್ಜೀ, ಈ ಸೀಟು ನಾನು ಬುಕ್ ಮಾಡಿದ್ದೆ.”

“ಟವೆಲ್ ಹಾಕಿರ್ಲಿಲ್ವಲ್ಲಪ್ಪಾ? ಪುಸ್ತಕ ಯಾರೋ ಮರ್ತು ಹೋಗ್ಯಾರೆ ಅಂದ್ಕಂಡೆ.”

ನಾನು ಬಿಡಲಿಲ್ಲ. ಬುಕ್ ಎಂದರೆ ಪುಸ್ತಕ, ಪುಸ್ತಕದಲ್ಲಿ ಹೆಸರು ಬರೆಸಿ ಜಾಗ ಹಿಡಿಯುತ್ತಿದ್ದುದರಿಂದ ಕಾದಿರಿಸುವುದೂ ಬುಕ್ ಆಯಿತು, ಮೂಲದಲ್ಲಿ ಅದು ಒಂದು ಮರದ ಹೆಸರಂತೆ ಎಂದೆಲ್ಲ ವಿವರಿಸಿದೆ. ಅಜ್ಜಿ ಶ್ರದ್ಧೆಯಿಂದ ಕೇಳಿದರು.

“ಭಾಳ ಚೆನ್ನಾಗಿ ಹೇಳ್ತೀಯಪ್ಪ. ಹಂಗೇ ನಿಂತ್ಕಂಡು ಹೇಳು, ಸಾಸ್ವೆಹಳ್ಳಿ ಬರಾಕೆ ಇನ್ನೂ ಹೊತ್ತೈತೆ.”

ನಿಘಂಟು ಮಾತ್ರ ಅಜ್ಜಿಯ ತೊಡೆ ಮೇಲೆ ಆರಾಮಾಗಿ ಬಂತು.