ನಡೆಯುವುದಿಲ್ಲ ಎಂದು ಬರೆದುಕೊಟ್ಟ ಕಾಲು

ಆಗ ನನಗೆ ಮೂವತ್ತೊಂದು. ನಲವತ್ತಮೂರು ವರ್ಷದ ಹಿಂದಿನ ಮಾತು. ಯಶವಂತಪುರದ ಮಾರ್ಕೆಟ್ ಮುಂದೆ ಸೊಪ್ಪಿನ ಕುಕ್ಕೆ ಇಳಿಸಿ ನಿಂತಿದ್ದೆ. ಈರುಳ್ಳಿ ಲಾರಿಯೊಂದು ಹಿಂದಕ್ಕೆ ಬಂತು. ಎಡಗಾಲು ಮಂಡಿಯ ಕೆಳಗೆ ಮುರಿಯಿತು.

ಮುರಿದದ್ದು ಲಾರಿ. ಕೆಡಿಸಿಕೊಂಡದ್ದು ನಾನು.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ್ಯಾಕೆ ಅಂತೀರಾ? ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಕಾಲೇಜು ಮೇಡಂ (ಹುಬ್ಬಳ್ಳಿ ಕಡೆಯವರು) ಸ್ಕೂಟರಿನಿಂದ ಬಿದ್ದು ನಾಲ್ಕು ತಿಂಗಳಾಯಿತು. ಕುತ್ತಿಗೆಗೆ ಇನ್ನೂ ಬೆಲ್ಟು. ಬಿಚ್ಚಿ ಎಂದು ಡಾಕ್ಟರು ಯಾವಾಗಲೋ ಹೇಳಿಯಾಗಿದೆ. ಕಳೆದ ವಾರ ಮೆಟ್ಟಿಲಲ್ಲಿ ಸಿಕ್ಕರು. ಇನ್ನೂ ಯಾಕಮ್ಮ ಇದು ಎಂದೆ.

"ಕೇಸ್ ಮುಗೀಲಿ ತಡೀರಿ ಅಜ್ಜಿ, ಆಮ್ಯಾಲೆ ಬಿಚ್ತೀನಿ" ಎಂದು ನಕ್ಕರು.

ನನಗೆ ನಗು ಬರಲಿಲ್ಲ.

ನನ್ನದೂ ಪರಿಹಾರದ ಕೇಸ್ ಆಗಿತ್ತು. ಪ್ಲಾಸ್ಟರ್ ತೆಗೆದ ದಿನ ಡಾಕ್ಟರು, ನೋವಾದರೂ ದಿನಾ ಮಂಡಿ ಮಡಚಿ, ದಿನಾ ನಡೆಯಿರಿ ಎಂದರು. ಲಾಯರು ಇದನ್ನು ಕೇಳಿ ತಲೆ ಅಲ್ಲಾಡಿಸಿದರು. (ಕೆಟ್ಟವರಲ್ಲ. ಅವರ ಕೆಲಸ ಅವರು ಮಾಡಿದರು.) ಕಾಲು ಎಷ್ಟು ಪರ್ಸೆಂಟ್ ಹೋಗಿದೆ ಎಂದು ಕೋರ್ಟಿಗೆ ಸರ್ಟಿಫಿಕೇಟ್ ಕೊಡಬೇಕಂತೆ. ಅಲ್ಲಿಯವರೆಗೆ ಊರುಗೋಲು ಬಿಡುವಂತಿಲ್ಲ.

"ಇನ್ಶೂರೆನ್ಸ್‌ನವ್ರು ಆಳು ಬಿಟ್ಟು ನೋಡಿಸ್ತಾರೆ ಕಣಮ್ಮ. ನೀವು ಓಡಾಡಿದ್ದು ಕಂಡ್ರೆ ಕೇಸ್ ಹೋಯ್ತು ಅಂತ್ಲೇ ತಿಳ್ಕೊಳ್ಳಿ."

ಅರ್ಜಿ ಓದಿ ಹೇಳಿದರು. ಈಕೆ ಇನ್ನು ಮೊದಲಿನಂತೆ ನಡೆಯಲಾರಳು ಎಂದಿತ್ತು. ನನಗೆ ಆಗ ಬರುತ್ತಿದ್ದುದು ಹೆಸರು ಬರೆಯುವಷ್ಟು ಅಕ್ಷರ. ಬರೆದೆ.

ನಮ್ಮತ್ತೆಗೆ ಆ ಸಹಿ ಸರಿಬರಲಿಲ್ಲ. ದೀಪ ಆರಿಸು ಎನ್ನದೆ ದೀಪ ದೊಡ್ಡದು ಮಾಡು ಎನ್ನುವ ಮನೆ ನಮ್ಮದು. ಕೆಟ್ಟ ಮಾತು ಆಡಿದರೆ ಮೇಲೆ ಓಡಾಡುವ ದೇವತೆಗಳು 'ಅಸ್ತು' ಎಂದುಬಿಡುತ್ತಾರೆ, ಆಡಿದ್ದೇ ಆಗುತ್ತದೆ ಎಂಬ ಭಯ.

"ಆಗಾಕಿಲ್ಲ ಅಂತ ಬರ್ಕೊಟ್ಟು ಬಂದ್ಯಾ? ಅಸ್ತು ಅಂದ್ರೆ ಏನ್ ಮಾಡೀಯಮ್ಮಿ?" ಎಂದರು.

ಬರೆದುಕೊಟ್ಟಿದ್ದು ಒಂದು ಸಲ. ಬಾಯಲ್ಲಿ ಹೇಳಿದ್ದು ದಿನಾ. ನೋಡಲು ಬಂದವರಿಗೆಲ್ಲ ಅದೇ ಮಾತು, ಆಗಲ್ಲಮ್ಮ, ನಡೆಯೋಕಾಗಲ್ಲ. ಬಂದವರಲ್ಲಿ ಯಾರು ಇನ್ಶೂರೆನ್ಸ್‌ನ ಆಳೋ, ಯಾರಿಗೆ ಗೊತ್ತು?

ಚಿಕ್ಕಬಾಣಾವರದ ನಮ್ಮ ಮನೆಯೆದುರು ಒಂದು ಟೀ ಅಂಗಡಿ. ಅಲ್ಲಿ ದಿನಾ ಒಬ್ಬ ಕೊಡೆ ಹಿಡಿದು ಬಂದು ಕೂತು ಪೇಪರ್ ಓದುತ್ತಿದ್ದ. ಅವನೇ ಎಂದು ನನ್ನ ಮನಸ್ಸು ತೀರ್ಮಾನ ಮಾಡಿತು. ಅವನಿರುವಷ್ಟು ಹೊತ್ತು ಕಾಲು ಚಾಚಿ ಕೂರುತ್ತಿದ್ದೆ. ಅವನು ಹೋದ ಮೇಲೂ ಮಡಚಲಿಲ್ಲ. ಅಭ್ಯಾಸವಾಗಿ ಅವನೆದುರು ಮರೆತು ಮಡಚಿಬಿಟ್ಟರೆ? ಕೇಸ್ ಮುಂದಕ್ಕೆ ಹೋಗುತ್ತಲೇ ಇತ್ತು. ನೋವಿತ್ತು, ಸುಳ್ಳು ಹೇಳುತ್ತಿಲ್ಲ. ಆದರೆ ಆ ನೋವನ್ನು ಎಮ್ಮೆ ಸಾಕಿದ ಹಾಗೆ ಸಾಕಿದೆ.

ಎಂಟು ತಿಂಗಳು ಹೀಗೇ ಹೋಯಿತು. ಒಂದು ಮಧ್ಯಾಹ್ನ ಅತ್ತೆ ನೀರಿಗೆ ಹೋಗಿದ್ದರು. ನಾನು ಬಾಗಿಲಲ್ಲಿ ಕೂತಿದ್ದೆ. ಮೂರು ವರ್ಷದ ಮಗಳು ಕೋಳಿಮರಿಯ ಹಿಂದೆ ಓಡಿದಳು. ಮರಿ ಮನೆ ಪಕ್ಕದ ರೈಲು ಹಳಿ ಕಡೆ ಹೋಯಿತು. ಇವಳೂ ಹೋದಳು. ದೂರದಲ್ಲಿ ರೈಲು ಕೂಗಿತು.

ನಾನು ಏನು ಮಾಡಿದೆ ಗೊತ್ತೇ? ಮೊದಲು ಟೀ ಅಂಗಡಿ ಕಡೆ ನೋಡಿದೆ.

ಆಮೇಲೆ ಎದ್ದೆ. ಎದ್ದೆ ಎಲ್ಲಿ, ಏಳಲು ಹೋದೆ. ಮಂಡಿ ಮಡಚಲಿಲ್ಲ. ಒನಕೆಯ ಹಾಗೆ ಚಾಚಿಕೊಂಡೇ ಇತ್ತು. ಹೊಸಿಲ ಮೇಲೆ ಬೋರಲು ಬಿದ್ದೆ. ಅತ್ತೆ ಆ ದಾರಿಯಲ್ಲೇ ಬರುತ್ತಿದ್ದರು, ಎಲ್ಲ ಕಂಡಿದ್ದರು. ಕೊಡ ಎಸೆದು ಓಡಿ, ಲಂಗ ಹಿಡಿದು ಮಗಳನ್ನು ಎಳೆದುಕೊಂಡರು. ರೈಲು ಹೋಯಿತು.

ಮಗುವನ್ನು ತಂದು ನನ್ನ ಪಕ್ಕ ಕೂರಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮಗು ಅತ್ಲಾಗೆ ಓಗ್ತಿದ್ರೆ ನೀನ್ಯಾಕಮ್ಮಿ ಅಂಗಡಿ ಕಡೆ ನೋಡ್ದೆ?"

ಅಸ್ತು ಎಂದವರು ದೇವತೆಗಳೋ, ದಿನಾ ಹೇಳಿ ಹೇಳಿ ನಾನೇ ಅಸ್ತು ಎಂದೆನೋ?

ಕೇಸ್ ಹಾಕಬೇಡಿ ಎನ್ನುವುದಿಲ್ಲ. ಗುದ್ದಿದವನು ಕೊಡಲೇಬೇಕು. ನನಗೂ ಮೂರು ವರ್ಷದ ಮೇಲೆ ಏನೋ ಒಂದಿಷ್ಟು ಬಂತು. ಮಂಡಿ ಮಾತ್ರ ಇವತ್ತಿಗೂ ಅರ್ಧವೇ ಮಡಚುತ್ತದೆ, ನೆಲದಿಂದ ಏಳಲು ಗೋಡೆ ಬೇಕು. ಗುಣವಾದರೆ ನಷ್ಟ ಎಂದು ನೀವು ಅಂದುಕೊಂಡರೆ ಕಾಲಿಗೂ ಅದು ಕೇಳಿಸುತ್ತದೆ. ಮೇಡಂಗೆ ಇಷ್ಟನ್ನೂ ಹೇಳಿದೆ. ಅವರು ಬೆಲ್ಟು ಮುಟ್ಟಿ ನೋಡಿಕೊಂಡರು.

ಆಮೇಲೆ ನೀವೇನು ಮಾಡಿದಿರಿ ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಊರುಗೋಲು ಒಳಗಿಟ್ಟು, ಅತ್ತೆಯ ಹೆಗಲು ಹಿಡಿದು, ಬೇಕೆಂದೇ ಟೀ ಅಂಗಡಿ ಮುಂದೆ ನಡೆದುಹೋದೆ. ಕೊಡೆಯವನು ಪೇಪರಿನಿಂದ ತಲೆಯನ್ನೇ ಎತ್ತಲಿಲ್ಲ.